ಮದ್ದಿನ ಹನಿಯ ಜಾಡು ಹಿಡಿದು

ಬಿಸಿಲು ಏರುವ ಮೊದಲೇ ಮದ್ದು ಹೊಡೆದು ಮುಗಿಸಬೇಕು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳಲ್ಲಿ ಬೆಳಗಿನ ಕೆಲಸ ಶುರುವಾಗುವುದೇ ಹೀಗೆ. ಚಪ್ಪರದ ಕೆಳಗೆ ಇನ್ನೂ ಅರೆಗತ್ತಲು. ಕಲ್ಲುಕಂಬಗಳ ಸಾಲು, ಅವುಗಳ ಮೇಲೆ ಬಿಗಿದ ತಂತಿ, ತಂತಿಯ ತುಂಬ ಎಲೆ, ಎಲೆಯ ಸಂದಿಯಲ್ಲಿ ಇನ್ನೂ ಬಣ್ಣ ತಿರುಗದ ಬೆಂಗಳೂರು ನೀಲಿಯ ಗೊಂಚಲು. ಬದುವಿನ ಮೇಲೆ ಡ್ರಮ್ಮು. ಅದರಲ್ಲಿ ಕೋಲಾಡಿಸಿ ಕಲಕಿದ ನೀರು ಹಾಲಿನ ಬಣ್ಣಕ್ಕೆ ತಿರುಗಿದೆ. 16 ಲೀಟರಿನ ಪಂಪನ್ನು ಬೆನ್ನಿಗೇರಿಸಿಕೊಂಡು ಮದ್ದು ಹೊಡೆಯುವವನು ಎದ್ದು ನಿಲ್ಲುತ್ತಾನೆ. ಮೊಣಕಾಲಿಗೆ ಮಡಚಿದ ಪ್ಯಾಂಟು, ಬರಿಗಾಲು, ತೋಳು ಮಡಚಿದ ಹಳೆಯ ಅಂಗಿ, ಮೂಗಿನ ಮೇಲೆ ಬಿಗಿದ ಟವೆಲು. ಚಪ್ಪರಕ್ಕೆ ಹೊಡೆಯಬೇಕೆಂದರೆ ನಳಿಕೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಲೇಬೇಕು. ಎತ್ತಿದ ಕೂಡಲೇ ಸುಯ್ಯೆನ್ನುವ ಸದ್ದಿನೊಂದಿಗೆ ಬಿಳಿ ಮಂಜು ಎಲೆಗಳ ನಡುವೆ ಹಬ್ಬುತ್ತದೆ, ಎಲೆಗೆ ಅಂಟದ್ದು ನಿಧಾನವಾಗಿ ಕೆಳಗಿಳಿದು ಅವನ ಕೂದಲಿಗೆ, ಹಣೆಗೆ, ಎತ್ತಿದ ಮುಂಗೈಗೆ ಕೂರುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅಂಗಿಯ ಹೆಗಲು ಒದ್ದೆಯಾಗಿ ಮೈಗೆ ಅಂಟಿರುತ್ತದೆ. ಪಂಪಿನ ಮುಚ್ಚಳ ಸೋರಿದ್ದರೆ ಬೆನ್ನಿನಿಂದ ಸೊಂಟದವರೆಗೂ ಒದ್ದೆ.

ಈ ತೋಟಗಳ ಹಣ್ಣು, ಪಕ್ಕದ ಹೊಲಗಳ ಟೊಮ್ಯಾಟೊ, ಹೂಕೋಸು, ಸೇವಂತಿಗೆ, ಎಲ್ಲವೂ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿಗೆ ಇಳಿಯುತ್ತವೆ. ದೇವನಹಳ್ಳಿ, ಚಿಕ್ಕಜಾಲ ದಾಟಿ ಯಲಹಂಕದ ಬಳಿ ಬರುವಾಗ ಎರಡೂ ಬದಿ ಗಾಜಿನ ಕಟ್ಟಡ, ಮೇಲೆ ವಿಮಾನದ ಸದ್ದು. ಜಕ್ಕೂರಿನಿಂದ ಹೆಬ್ಬಾಳದ ಮೇಲ್ಸೇತುವೆಯವರೆಗಿನ ಕೆಲವೇ ಕಿಲೋಮೀಟರುಗಳಲ್ಲಿ, ಮತ್ತೆ ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಯಶವಂತಪುರದವರೆಗೆ ಹೋದರೆ, ದೇಶದ ಬೇರೆ ಯಾವ ರಸ್ತೆಯಲ್ಲೂ ಸುಲಭವಾಗಿ ಸಿಗದಷ್ಟು ಪ್ರಯೋಗಶಾಲೆಗಳಿವೆ. ಲಾರಿಯ ಚಾಲಕನಿಗೆ ಅವು ಕಾಂಪೌಂಡು ಗೋಡೆ ಮತ್ತು ಮರಗಳು, ಅಷ್ಟೆ. ಆದರೆ ಆ ಗೋಡೆಗಳ ಹಿಂದೆ ನಡೆಯುವ ಕೆಲಸದ ಒಂದು ಎಳೆಯನ್ನು ಹಿಡಿದು ಹೋದರೆ ಅದು ನೇರವಾಗಿ ದ್ರಾಕ್ಷಿ ಚಪ್ಪರದ ಕೆಳಗಿನ ಆ ಒದ್ದೆ ಅಂಗಿಗೆ ಬಂದು ಮುಟ್ಟುತ್ತದೆ. ಹನಿ ಹೇಗೆ ಹಾರುತ್ತದೆ ಎಂದು ಅಳೆಯುವವರು, ಬಟ್ಟೆಯ ನೂಲು ಏನು ಮಾಡಬಲ್ಲದು ಎಂದು ಹುಡುಕುವವರು, ವಿಷ ಜೀವಕೋಶದೊಳಗೆ ಎಲ್ಲಿ ಕಚ್ಚುತ್ತದೆ ಎಂದು ನೋಡುವವರು ಇಲ್ಲಿ ಒಂದೇ ಊರಿನ ನೆರೆಹೊರೆಯವರು. ಇವರೆಲ್ಲ ಬೇರೆ ಬೇರೆ ಶಾಸ್ತ್ರದವರೆಂದು ಪುಸ್ತಕಗಳು ಹೇಳುತ್ತವೆ. ಮದ್ದು ಹೊಡೆಯುವವನ ಮೈಯಲ್ಲಿ ಈ ಶಾಸ್ತ್ರಗಳ ನಡುವೆ ಗಡಿ ಇಲ್ಲ.

ಹೆಬ್ಬಾಳಕ್ಕೆ ಈ ಕಥೆಯಲ್ಲಿ ಹಳೆಯ ಪಾತ್ರವೇ ಇದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಇಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ರಸಾಯನಶಾಸ್ತ್ರಜ್ಞ ಲೇಮನ್ ಮೈಸೂರು ಸಂಸ್ಥಾನದ ಮಣ್ಣನ್ನು ಪರೀಕ್ಷಿಸತೊಡಗಿದರು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗ ತಿನ್ನುತ್ತಿತ್ತು. ಆಷಾಢದ ಮಳೆಯಲ್ಲಿ ಎಳೆಯ ಕಾಯಿ ನೀರುಗಲೆಯಾಗಿ, ಕಪ್ಪಾಗಿ, ರಾಶಿರಾಶಿಯಾಗಿ ಮರದಡಿ ಉದುರುತ್ತಿತ್ತು. ರೈತರಿಗೆ ಗೊತ್ತಿದ್ದ ಉಪಾಯ ಒಂದೇ, ಗೊನೆಗೆ ಕೊಟ್ಟೆ ಕಟ್ಟುವುದು. ಕೋಲ್ಮನ್ ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಫೈಟಾಫ್ತೊರ ಜಾತಿಯ ಶಿಲೀಂಧ್ರವನ್ನು ಗುರುತಿಸಿದರು, ಅದಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಸಿ ತೋರಿಸಿದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯದಿರಲೆಂದು ಮೈಲುತುತ್ತ, ಸುಣ್ಣ ಬೆರೆಸಿ ಎರಚಿದ ಬಳ್ಳಿಗಳಿಗೆ ಬೂಜು ಹಿಡಿಯದ್ದನ್ನು ಕಂಡು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಲೋಕಕ್ಕೆ ಸಾರಿದ ಮದ್ದು ಅದು. ಅಲ್ಲಿಂದ ಹೊರಟದ್ದು ತೀರ್ಥಹಳ್ಳಿಯ ಅಡಿಕೆಮರದ ತುದಿಗೇರಿತು.

ಬೋರ್ಡೋ ದ್ರಾವಣದ ಸೊಗಸು ಎಂದರೆ ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತಿಳಿನೀಲಿ ಬಣ್ಣ ಬರುತ್ತದೆ. ಹದ ಸರಿಯಾಗಿದೆಯೇ ನೋಡಲು ಕಬ್ಬಿಣದ ಚೂರಿಯನ್ನು ಅದ್ದಿ ಹಿಡಿಯುತ್ತಾರೆ, ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಮಲೆನಾಡಿನ ಅಂಗಳದಲ್ಲಿ ಇಂದಿಗೂ ನಡೆಯುವ ಈ ಪರೀಕ್ಷೆ ಶುದ್ಧ ಲೋಹವಿಜ್ಞಾನ. ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಡುತ್ತದೆ. ಮದ್ದು ಹೊಡೆದ ಗೊನೆ ನೀಲಿಯಾಗುತ್ತದೆ, ಮರ ಹತ್ತಿ ಹೊಡೆಯುವ ಕೊನೆಗೌಡನ ಕೈ ನೀಲಿಯಾಗುತ್ತದೆ, ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ನೆಲದಲ್ಲಿ ನಿಂತವನಿಗೂ ಗೊತ್ತಾಗುತ್ತದೆ.

ಮುಂದೆ ಬಂದ ಮದ್ದುಗಳಿಗೆ ಆ ಗುಣ ಇರಲಿಲ್ಲ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತ ರಂಜಕವನ್ನು ಸಾವಯವ ಅಣುಗಳಿಗೆ ಜೋಡಿಸುತ್ತಿದ್ದರು. 1936ರಲ್ಲಿ ಅವರ ಕೈಗೆ ಸಿಕ್ಕಿದ್ದು ಟಾಬುನ್, ಮನುಷ್ಯರನ್ನು ಕೊಲ್ಲುವ ನರವಿಷಾನಿಲ. ಅದೇ ಮನೆತನದ ಇನ್ನೊಂದು ಕುಡಿ ಪ್ಯಾರಾಥಿಯಾನ್. ಯುದ್ಧ ಮುಗಿದ ಮೇಲೆ ಈ ಆರ್ಗನೊಫಾಸ್ಫೇಟುಗಳು ಹೊಲಕ್ಕೆ ಇಳಿದವು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ತನಿಖೆಯಿಂದ ಹುಟ್ಟಿದ್ದೇ 1968ರ ಕೀಟನಾಶಕ ಕಾಯ್ದೆ. ಇವತ್ತು ಡಬ್ಬಿಯ ಮೇಲೆ ಕಾಣುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಆ ಕಾಯ್ದೆಯಡಿಯ ನಿಯಮಗಳಿಂದ ಬಂದವು. ಕೆಂಪು ಎಲ್ಲಕ್ಕಿಂತ ಘೋರ, ಹಸಿರು ಎಲ್ಲಕ್ಕಿಂತ ಸೌಮ್ಯ. ಡ್ರಮ್ಮಿನಲ್ಲಿ ಕಲಕಿದ ಮೇಲೆ ಮಾತ್ರ ತ್ರಿಕೋನದ ಬಣ್ಣ ನೀರಿಗೆ ಬರುವುದಿಲ್ಲ.

ಮೊದಲು ಹನಿಯ ವಿಷಯ ನೋಡೋಣ. ನಳಿಕೆಯ ತುದಿಯಲ್ಲಿರುವ ತೂತಿನ ವ್ಯಾಸ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪುಡಿ ಬೆರೆಸಿದ ಮದ್ದು ತಿಂಗಳುಗಟ್ಟಲೆ ಅದರ ಮೂಲಕ ಹರಿದರೆ ತೂತು ಸವೆಯುತ್ತದೆ. ಹಿತ್ತಾಳೆ ಬೇಗ ಸವೆಯುತ್ತದೆ, ಉಕ್ಕು ಅದಕ್ಕಿಂತ ನಿಧಾನ, ಸಿರಾಮಿಕ್ಕಿನದು ಬಹುಕಾಲ ಬಾಳುತ್ತದೆ. ವ್ಯಾಸ ಬರೀ 50 ಮೈಕ್ರಾನ್ ಹೆಚ್ಚಾದರೂ ಸಾಕು, ಹರಿವು ನೂರಕ್ಕೆ ಹತ್ತರಷ್ಟು ಏರುತ್ತದೆ, ಏಕೆಂದರೆ ಹರಿವು ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುವಂಥದು. ಕಣ್ಣಿಗೆ ಎರಡೂ ತೂತು ಒಂದೇ. ಹತ್ತನೇ ಒಂದು ಭಾಗ ಹೆಚ್ಚಿತೆಂದರೆ ನಳಿಕೆ ಬದಲಿಸಿ ಎನ್ನುತ್ತದೆ ಶಾಸ್ತ್ರ. ತುಮಕೂರು ರಸ್ತೆಯಲ್ಲಿ, ಯಶವಂತಪುರದ ಆಚೆ, 1962ರಲ್ಲಿ ಹುಟ್ಟಿದ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಮೈಕ್ರಾನ್ ಲೆಕ್ಕದ ಇಂಥ ಅಳತೆಗಳಿಗೇ ಹೆಸರಾದದ್ದು. ಹೊಲದಲ್ಲಿ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಪಂಪಿಗೆ ಬರಿಯ ನೀರು ತುಂಬಿ, ನಳಿಕೆಯನ್ನು ಅಳತೆ ಜಾಡಿಯೊಳಗಿಟ್ಟು ಒಂದು ನಿಮಿಷ ಬಿಟ್ಟರೆ ಎಷ್ಟು ಹರಿಯಿತೆಂದು ಗೊತ್ತಾಗುತ್ತದೆ. ಕೃಷಿ ವಿಶ್ವವಿದ್ಯಾಲಯದವರು ಹೇಳಿಕೊಡುವ ಈ ಒಂದು ನಿಮಿಷದ ಪರೀಕ್ಷೆ ಹರಿವಿನ ಮಾಪನಶಾಸ್ತ್ರದ ಅತ್ಯಂತ ಬಡ, ಅತ್ಯಂತ ಉಪಯುಕ್ತ ರೂಪ. ಇದನ್ನು ಪ್ರತಿ ಹಂಗಾಮಿಗೂ ಮಾಡುವ ಮನೆಗಳನ್ನು ನಾನು ಕಂಡದ್ದು ತೀರ ಕಡಿಮೆ.

ಒತ್ತಡದ್ದು ಇನ್ನೊಂದು ತೊಡಕು. ಬೇಗ ಮುಗಿಯಲಿ ಎಂದು ಪಂಪಿನ ಒತ್ತಡ ಏರಿಸಿದರೆ ಹರಿವು ಅಷ್ಟೇ ಏರುವುದಿಲ್ಲ. ಹರಿವು ಎರಡರಷ್ಟಾಗಲು ಒತ್ತಡ ನಾಲ್ಕರಷ್ಟಾಗಬೇಕು. ಹೆಚ್ಚಾದ ಒತ್ತಡ ಮಾಡುವುದೇನೆಂದರೆ ಹನಿಯನ್ನು ಒಡೆದು ಇನ್ನಷ್ಟು ಚಿಕ್ಕದಾಗಿಸುವುದು. ಒಂದು ಲೀಟರ್ ನೀರನ್ನು 100 ಮೈಕ್ರಾನಿನ ಹನಿಗಳಾಗಿ ಒಡೆದರೆ ಸುಮಾರು 190 ಕೋಟಿ ಹನಿಗಳಾಗುತ್ತವೆ. ಆ ಗಾತ್ರದ ಹನಿ ಮೂರು ಮೀಟರ್ ಎತ್ತರದಿಂದ ನೆಲ ಮುಟ್ಟಲು ಹತ್ತು ಹನ್ನೊಂದು ಸೆಕೆಂಡು ಬೇಕು. 20 ಮೈಕ್ರಾನಿನದಕ್ಕೆ ನಾಲ್ಕು ನಿಮಿಷ. 5 ಮೈಕ್ರಾನಿನದು ಒಂದು ಗಂಟೆಗೂ ಮೀರಿ ಗಾಳಿಯಲ್ಲೇ ಇರುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಮೆಲುಗಾಳಿ, ಅಂದರೆ ತೋಟದಲ್ಲಿ ನಿಂತವನು ಗಾಳಿಯೇ ಇಲ್ಲ ಎನ್ನುವಷ್ಟು ಸಣ್ಣದು, ಆ 20 ಮೈಕ್ರಾನಿನ ಹನಿಯನ್ನು ಕಾಲು ಕಿಲೋಮೀಟರ್ ದೂರ ಒಯ್ದುಬಿಡುತ್ತದೆ. ಅಷ್ಟು ದೂರದಲ್ಲಿ ಇನ್ನೊಬ್ಬರ ಬಾವಿ ಇರಬಹುದು, ಅಂಗನವಾಡಿ ಇರಬಹುದು.

ಗಾಳಿಯೊಳಗಿನ ಇಂಥ ಚಲನೆಯನ್ನು ಹಿಡಿದು ಅಳೆಯುವುದು ಬೆಂಗಳೂರಿನ ಹಳೆಯ ವಿದ್ಯೆ. ಗಾಳಿ ಒಂದು ಮೈಮೇಲೆ ಹರಿಯುವಾಗ ಎಷ್ಟು ಉಜ್ಜುತ್ತದೆ ಎಂಬುದನ್ನು ನೇರವಾಗಿ ಅಳೆದು ಹೆಸರಾದ ಸತೀಶ್ ಧವನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಗಾಳಿಸುರಂಗಗಳನ್ನು ಕಟ್ಟಿಸಿದರು. ಅವರ ಶಿಷ್ಯ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ಸಾಲಿನವರಲ್ಲೊಬ್ಬರಾದ ಆರ್.ಎಲ್. ನರಸಿಂಹಯ್ಯನವರ ಮಗ. 2000ದ ನಂತರದ ವರ್ಷಗಳಲ್ಲಿ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದರು. ಅಲ್ಲಿ ಅವರು ತಮ್ಮ ಸಂಗಡಿಗರೊಂದಿಗೆ ಮಾಡಿದ ಒಂದು ಪ್ರಯೋಗ ನೆನೆದಾಗಲೆಲ್ಲ ನನಗೆ ಹಿಗ್ಗು. ನೀರಿನ ತೊಟ್ಟಿಯೊಳಗೆ ಮೋಡ ಬೆಳೆಸುವುದು. ತೊಟ್ಟಿಯ ತಳದಿಂದ ಆಮ್ಲ ಬೆರೆಸಿದ ನೀರಿನ ಚಿಲುಮೆ ಏಳುತ್ತದೆ, ತಂತಿಜಾಲರಿಯ ನಡುವೆ ಹಾಯುವಾಗ ವಿದ್ಯುತ್ತು ಅದನ್ನು ಬಿಸಿ ಮಾಡುತ್ತದೆ. ನಿಜವಾದ ಮೋಡದಲ್ಲಿ ಆವಿ ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖಕ್ಕೆ ಇದು ಬದಲಿ. ಕೂಡಲೇ ಆ ಚಿಲುಮೆ ಉಬ್ಬಿ, ಸುರುಳಿ ಸುರುಳಿಯಾಗಿ, ಕಾರ್ತೀಕದ ಮಧ್ಯಾಹ್ನದ ಬಿಳಿ ಮುಗಿಲಿನ ಆಕಾರ ತಾಳುತ್ತದೆ. 2011ರಲ್ಲಿ ಪ್ರಕಟವಾದ ಆ ಕೆಲಸ ಮೋಡದ ಅಂಚು ಸುತ್ತಲಿನ ಗಾಳಿಯನ್ನು ಒಳಗೆಳೆದುಕೊಳ್ಳುವ ಬಗೆಯನ್ನು ಕುರಿತದ್ದು. ನಳಿಕೆಯಿಂದ ಹೊರಟ ಮದ್ದಿನ ಮಂಜೂ ಸುತ್ತಲಿನ ಗಾಳಿಯನ್ನು ಒಳಗೆಳೆದುಕೊಂಡೇ ಹಬ್ಬುತ್ತದೆ. ಮಾನ್ಸೂನಿಗಾಗಿ ಕಟ್ಟಿದ ತಿಳಿವಳಿಕೆ ಮದ್ದಿನ ಮಂಜಿಗೂ ಒದಗುವಂಥದು ಎಂದು ನಾನು ನಂಬುತ್ತೇನೆ.

ಕೊರೊನಾ ಕಾಲದಲ್ಲಿ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಅವರ ತಂಡ ಹನಿ ಬಟ್ಟೆಗೆ ಬಡಿಯುವ ಕ್ಷಣವನ್ನೇ ಅತಿವೇಗದ ಕ್ಯಾಮೆರಾದಲ್ಲಿ ಹಿಡಿಯಿತು. ಕೆಮ್ಮಿನ ಹನಿಯಂಥ ಹನಿಗಳನ್ನು ಮುಖಗವಸಿನ ಬಟ್ಟೆಗೆ ಹೊಡೆದು ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಕಣ್ಣು ತೆರೆಸುವಂತಿತ್ತು. ಒಂದೇ ಪದರದ ಬಟ್ಟೆ ಹನಿಯ ಒಟ್ಟು ನೀರಿನಲ್ಲಿ ನೂರಕ್ಕೆ 30ರಷ್ಟನ್ನು ಮಾತ್ರ ತಡೆದಿತ್ತು. ಎರಡು ಪದರ 91ರಷ್ಟನ್ನು ತಡೆದರೂ, ದಾಟಿ ಬಂದ ಮರಿಹನಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಗಾಳಿಯಲ್ಲಿ ತೇಲುವಷ್ಟು ಚಿಕ್ಕವಾಗಿದ್ದವು. ನೇಯ್ಗೆಯ ಸಂದಿಯೇ ದೊಡ್ಡ ಹನಿಯನ್ನು ಸೀಳಿ ಸಣ್ಣದು ಮಾಡಿ ಆಚೆಗೆ ದಾಟಿಸಿತ್ತು. ಮೂರು ಪದರವಾದಾಗ ದಾಟುವುದು ಬಹುತೇಕ ನಿಂತಿತು. ಕೆಮ್ಮಿನ ವೇಗ ಬೇರೆ, ಪಂಪಿನ ವೇಗ ಬೇರೆ, ಈ ಸಂಖ್ಯೆಗಳನ್ನು ಹಾಗೆಯೇ ತೋಟಕ್ಕೆ ಒಯ್ಯಲಾಗದು. ಆದರೂ ಮೂಗಿನ ಮೇಲೆ ಬಿಗಿದ ಒಂದು ಪದರದ ಟವೆಲಿನ ಮೇಲೆ ಇಟ್ಟ ಭರವಸೆ ಎಷ್ಟು ತೆಳುವಾದದ್ದು ಎಂದು ತಿಳಿಯಲು ಇಷ್ಟು ಸಾಕು.

ಇನ್ನು ಮೈಯೊಳಗೆ. ಚರ್ಮ ಎಲ್ಲ ಕಡೆಯೂ ಒಂದೇ ಅಲ್ಲ. 1971ರಲ್ಲಿ ಅಮೆರಿಕದ ಮೈಬಾಕ್ ಮತ್ತು ಸಂಗಡಿಗರು ಪ್ಯಾರಾಥಿಯಾನ್ ಹಚ್ಚಿ ಅಳೆದಾಗ ಮುಂಗೈಯ ಚರ್ಮ ನೂರಕ್ಕೆ 8.6ರಷ್ಟನ್ನು ಹೀರಿತ್ತು, ಅಂಗೈ 12ರಷ್ಟು, ಹಣೆ 36ರಷ್ಟು. ತೊಡೆಸಂದಿಯ ಮೃದುಚರ್ಮ ಬಹುತೇಕ ಪೂರ್ತಿ ಹೀರಿಕೊಂಡಿತ್ತು. ಸೋರುವ ಪಂಪಿನ ನೀರು ಬೆನ್ನಿನಿಂದಿಳಿದು ಸೊಂಟಕ್ಕೆ ಬಂದು ನಿಲ್ಲುವುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಮದ್ದು ಹೊಡೆಯುವಾಗ ಜನ ಮೊದಲು ಮುಚ್ಚುವುದು ಮೂಗನ್ನು. ಅದು ತಪ್ಪಲ್ಲ. ಆದರೆ ಒದ್ದೆ ಬಟ್ಟೆ ಗಂಟೆಗಟ್ಟಲೆ ವಿಷವನ್ನು ಚರ್ಮಕ್ಕೆ ಒತ್ತಿಹಿಡಿದಿರುತ್ತದೆ. ಆ ದಾರಿಯಲ್ಲಿ ಕೆಮ್ಮಿಲ್ಲ, ಉರಿಯಿಲ್ಲ, ಹೀಗಾಗಿ ಎಚ್ಚರಿಕೆಯೂ ಇಲ್ಲ.

ನಮ್ಮ ನರದ ತುದಿಯಿಂದ ಸ್ನಾಯುವಿಗೆ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂಬ ಅಣು. ಸಂದೇಶ ಮುಟ್ಟಿದೊಡನೆ ಅದನ್ನು ತುಂಡರಿಸಿ ಜಾಗ ತೆರವು ಮಾಡುವ ಕಿಣ್ವ ಒಂದಿದೆ, ಅಸಿಟೈಲ್‌ಕೋಲಿನೆಸ್ಟರೇಸ್. ಸೆಕೆಂಡಿಗೆ ಸಾವಿರಾರು ಅಣುಗಳನ್ನು ಕತ್ತರಿಸುವಷ್ಟು ಚುರುಕು. ಆರ್ಗನೊಫಾಸ್ಫೇಟ್ ಬಂದು ಈ ಕಿಣ್ವದ ಗರ್ಭದಲ್ಲಿ, ಬೀಗದೊಳಗೆ ಮುರಿದ ಕೀಲಿಯ ತುಂಡು ಸಿಕ್ಕಿಕೊಳ್ಳುವಂತೆ ಕಚ್ಚಿಕೊಳ್ಳುತ್ತದೆ. ಸಂದೇಶ ಅಳಿಸುವವರಿಲ್ಲದೆ ನರ ಕೂಗುತ್ತಲೇ ಇರುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣು ಮಂಜು, ಸ್ನಾಯುಗಳ ಅದುರು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟು ನರದ ಕೂಗನ್ನು ತಗ್ಗಿಸುತ್ತಾರೆ, ಪ್ರಾಲಿಡಾಕ್ಸೈಮ್ ಕೊಟ್ಟು ಸಿಕ್ಕಿಕೊಂಡ ವಿಷವನ್ನು ಕೀಳಲು ನೋಡುತ್ತಾರೆ. ತಡವಾದರೆ ಆ ಬಂಧ ಗಟ್ಟಿಯಾಗಿ ಯಾವ ಔಷಧಕ್ಕೂ ಬಿಡುವುದಿಲ್ಲ.

ಈ ಕಿಣ್ವ ರಕ್ತದ ಕೆಂಪುಕಣಗಳ ಮೇಲೂ ಇರುವುದರಿಂದ ಒಂದು ಹನಿ ರಕ್ತದಲ್ಲಿ ಅದರ ಚೈತನ್ಯವನ್ನು ಅಳೆಯಬಹುದು. 1961ರಲ್ಲಿ ಜಾರ್ಜ್ ಎಲ್ಮನ್ ರೂಪಿಸಿದ ವಿಧಾನ ಇವತ್ತಿಗೂ ಚಾಲ್ತಿಯಲ್ಲಿದೆ. ಕಿಣ್ವ ಕೆಲಸ ಮಾಡುತ್ತಿದ್ದರೆ ದ್ರಾವಣ ಹಳದಿಯಾಗುತ್ತ ಹೋಗುತ್ತದೆ, ಕಿಣ್ವ ಕಟ್ಟುಬಿದ್ದಿದ್ದರೆ ಬಣ್ಣ ಏರುವುದಿಲ್ಲ. ಆ ಹಳದಿ ಎಷ್ಟು ಬೇಗ ಗಾಢವಾಯಿತು ಎಂದು ಯಂತ್ರ ಓದಿ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಘೋರ ವರ್ಗದ ಇಂಥ ಮದ್ದುಗಳನ್ನು ನಿಯತವಾಗಿ ಹೊಡೆಯುವ ಕೂಲಿಗಳ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂಬ ನಿಯಮವಿದೆ. ಕೆಂಪುಕಣದ ಕಿಣ್ವ ಅವರವರ ಸಹಜ ಮಟ್ಟದ ನೂರಕ್ಕೆ 70ಕ್ಕೆ ಇಳಿದರೆ ಆ ಕೆಲಸದಿಂದ ಬಿಡಿಸಬೇಕು, 80ಕ್ಕೆ ಏರುವವರೆಗೆ ಮರಳಿ ಹಚ್ಚಬಾರದು. ನಮ್ಮಲ್ಲಿ ತಲೆ ಸುತ್ತಿದವನಿಗೆ ಮಜ್ಜಿಗೆ ಕುಡಿಸಿ ಮರದ ನೆರಳಲ್ಲಿ ಮಲಗಿಸುತ್ತಾರೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆದವರು ಸಾಲುಸಾಲಾಗಿ ಸತ್ತ ಮೇಲಷ್ಟೇ ಅದು ದೇಶದ ಸುದ್ದಿಯಾಯಿತು.

ಈಗ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಗೇಟಿನೊಳಗೆ ಬರೋಣ. ಬಳ್ಳಾರಿ ರಸ್ತೆಯ ಗದ್ದಲ ನೂರು ಹೆಜ್ಜೆಯಲ್ಲಿ ಹಿಂದೆ ಉಳಿಯುತ್ತದೆ. ಸಾವಿರ ಎಕರೆ ಮೀರಿದ ಆವರಣ. ರಾಗಿ, ತೊಗರಿ, ಅವರೆಯ ತಾಕುಗಳು, ತಾಕಿನ ತುದಿಯಲ್ಲಿ ತಳಿಯ ಹೆಸರು ಬರೆದ ತಗಡಿನ ಫಲಕ, ಹಲಸು ಮಾವಿನ ಸಾಲು, ಕೆಮ್ಮಣ್ಣಿನ ದಾರಿಯಲ್ಲಿ ನವಿಲು. ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅದರ ಮಗ್ಗುಲಲ್ಲೇ ಕಾಂಡಕೋಶ ವಿಜ್ಞಾನದ ಸಂಸ್ಥೆ ಇನ್‌ಸ್ಟೆಮ್. ರಾಗಿ ಹೊಲದ ನೆರೆಯಲ್ಲಿ ಕೂತ ಜೀವಕೋಶ ವಿಜ್ಞಾನಿಗಳಿಗೆ ರೈತನ ಚರ್ಮದ ಚಿಂತೆ ಹತ್ತಿದ್ದು ನನಗೆ ತೀರ ಸಹಜವಾಗಿ ಕಾಣುತ್ತದೆ.

ಅಲ್ಲಿನ ಪ್ರವೀಣ್ ವೇಮುಲ ಅವರ ತಂಡದ ಯೋಚನೆ ಸರಳವಾದದ್ದು, ಅದಕ್ಕೇ ಸುಂದರವಾದದ್ದು. ಮೈಯೊಳಗೆ ಹೋದ ವಿಷವನ್ನು ಕೀಳಲು ವೈದ್ಯರು ಬಳಸುವ ಆಕ್ಸೈಮ್ ರಸಾಯನವನ್ನು ವಿಷ ಮೈಗೆ ತಾಗುವ ಮುನ್ನವೇ ಎದುರು ನಿಲ್ಲಿಸಿದರೆ? 2018ರಲ್ಲಿ ಅವರು ಮೊದಲು ಪ್ರಕಟಿಸಿದ್ದು ಚರ್ಮಕ್ಕೆ ಹಚ್ಚಿಕೊಳ್ಳುವ ಲೇಪ, ಪಾಲಿ ಆಕ್ಸೈಮ್ ಜೆಲ್. ಅದರಲ್ಲಿರುವ ಆಕ್ಸೈಮ್ ಕೀಟನಾಶಕದ ರಂಜಕದ ಕೊಂಡಿಗೆ ಎರಗಿ ಅದನ್ನು ಮುರಿಯುತ್ತದೆ, ಮುರಿದ ತುಂಡಿಗೆ ಕಿಣ್ವವನ್ನು ಕಚ್ಚುವ ಶಕ್ತಿಯಿಲ್ಲ. ಲೇಪ ಹಚ್ಚಿದ ಇಲಿಗಳು ವಿಷದ ಪರೀಕ್ಷೆಯಲ್ಲಿ ಬದುಕಿದವು. ಮುಂದೆ ಅದೇ ಗುಣವನ್ನು ಹತ್ತಿ ಬಟ್ಟೆಗೆ ತಂದರು. ಬಣ್ಣ ಹಾಕಿದ ಹಾಗೆ ಮೇಲೆ ಬಳಿದದ್ದಲ್ಲ, ಹತ್ತಿಯ ಎಳೆಗೇ ರಾಸಾಯನಿಕ ಬಂಧದಿಂದ ಬೆಸೆದದ್ದು, ಆದ್ದರಿಂದ ಒಗೆದರೂ ಕಳಚಿಹೋಗದು. ಸೆಪಿಯೊ ಹೆಲ್ತ್ ಎಂಬ ಕಂಪನಿಯ ಜೊತೆಗೂಡಿ ರೂಪಿಸಿದ ಆ ಉಡುಪನ್ನು 2024ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಬಿಡುಗಡೆ ಮಾಡಿದರು. ಹೆಸರು ಕಿಸಾನ್ ಕವಚ್. ಒಗೆದು ಮತ್ತೆ ತೊಡಬಹುದು, ಒಂದು ವರ್ಷದವರೆಗೆ ಬಾಳುತ್ತದೆ, ಬೆಲೆ 4000 ರೂಪಾಯಿ.

ರಕ್ಷಣಾ ಉಡುಪು ಎಂದರೆ ಇದುವರೆಗೆ ನಮ್ಮ ಕಣ್ಣಿಗೆ ಬರುತ್ತಿದ್ದದ್ದು ಪ್ಲಾಸ್ಟಿಕ್ಕಿನ ಮೇಲಂಗಿ. ವಿಷವನ್ನು ತಡೆಯುವುದರ ಜೊತೆಗೆ ಗಾಳಿಯನ್ನೂ ಅದು ತಡೆಯುತ್ತದೆ. ಕಲಬುರಗಿಯ ತೊಗರಿ ಹೊಲದಲ್ಲಿ ಅದನ್ನು ತೊಟ್ಟು ಹದಿನೈದು ನಿಮಿಷ ನಿಲ್ಲಿ, ಯಾಕೆ ಯಾರೂ ತೊಡುವುದಿಲ್ಲ ಎಂದು ತಿಳಿಯುತ್ತದೆ. ಹತ್ತಿ ಉಸಿರಾಡುತ್ತದೆ. ಹನಿಯನ್ನು ಪೂರ್ತಿ ತಡೆಯಬೇಕಾದ ಹೊರೆ ಇಲ್ಲಿ ನೇಯ್ಗೆಯ ಮೇಲೆ ಇಲ್ಲ, ತಾಗಿದ ಹನಿಯೊಳಗಿನ ವಿಷವನ್ನು ಎಳೆಯೇ ಕೊಲ್ಲುತ್ತದೆ. ವಸ್ತುವಿಜ್ಞಾನದಲ್ಲಿ ಇದು ದೊಡ್ಡ ತಿರುವು ಎಂದು ನನ್ನ ಎಣಿಕೆ.

ಇಂಥ ಬಟ್ಟೆ ತಾನೇ ಚರ್ಮಕ್ಕೆ ಕೆಡುಕಾಗಬಾರದಲ್ಲ. ಅದನ್ನು ನೋಡುವ ಕೆಲಸ ಜೀವಕೋಶ ವಿಷವಿಜ್ಞಾನದ್ದು. ಈ ಶಾಸ್ತ್ರದ ಪ್ರಯೋಗಶಾಲೆ ನೋಡಲು ತೀರ ಶಾಂತ. ಬೆಚ್ಚನೆಯ ಪೆಟ್ಟಿಗೆಯಲ್ಲಿ, 37 ಡಿಗ್ರಿಯಲ್ಲಿ, ಚರ್ಮದ ಕೋಶಗಳು ಗುಲಾಬಿ ಬಣ್ಣದ ಪೋಷಕ ದ್ರವ ಕುಡಿಯುತ್ತ ಬೆಳೆಯುತ್ತಿರುತ್ತವೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿಗಳು. ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದಲ್ಲಿ ಪರೀಕ್ಷಿಸಬೇಕಾದ ವಸ್ತುವನ್ನು ಬಿಟ್ಟು ಒಂದು ದಿನ ಕಾಯುತ್ತಾರೆ. ಆಮೇಲೆ ಹಳದಿ ಬಣ್ಣದ ಎಂಟಿಟಿ ದ್ರಾವಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ, ಸತ್ತದ್ದಕ್ಕೆ ಆ ಶಕ್ತಿ ಇಲ್ಲ. 1983ರಿಂದ ಲೋಕದ ಸಾವಿರಾರು ಪ್ರಯೋಗಶಾಲೆಗಳು ಈ ಬಣ್ಣವನ್ನು ನಂಬಿವೆ. ತಟ್ಟೆಯನ್ನು ಬೆಳಕಿಗೆ ಹಿಡಿದರೆ ಒಂದು ಅಂಚಿನಲ್ಲಿ ಗಾಢ ನೇರಳೆ, ಸಾಲು ದಾಟಿದಂತೆ ತೆಳುವಾಗುತ್ತ ಇನ್ನೊಂದು ಅಂಚಿಗೆ ಬರೀ ಹಳದಿ. ಯಾವ ಪ್ರಮಾಣದಲ್ಲಿ ಜೀವ ಸೋಲತೊಡಗಿತು ಎಂದು ಮಗುವಿಗೂ ತೋರಿಸಬಹುದು.

ಆದರೆ ತಟ್ಟೆಯಿಂದ ಊರಿಗೆ ಬರುವ ದಾರಿ ನೇರವಲ್ಲ. ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ ಅದನ್ನು ನೋಡಿದ್ದೇವೆ. ಗೋಡಂಬಿ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೆರೆದ ಹಳ್ಳ, ಸುರಂಗದ ನೀರು ಕುಡಿಯುವ ಊರು ಅದು. ಅಂಗವೈಕಲ್ಯದ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ಮಕ್ಕಳ ಕಾಯಿಲೆಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿ ಹೇಳುತ್ತಲೇ ಹೋದರು. ಈಚೆ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲೂ ಅದೇ ಮದ್ದು, ಅದೇ ಗೋಳು. ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರ ಮೇ 13ರಂದು. ಎಂಡೋಸಲ್ಫಾನ್ ಆರ್ಗನೊಫಾಸ್ಫೇಟ್ ಅಲ್ಲ, ಕ್ಲೋರಿನ್ ಕುಟುಂಬದ್ದು, ಮಿದುಳನ್ನು ಕೆಣಕುವ ಬಗೆಯೇ ಬೇರೆ. ರಂಜಕದ ಕೊಂಡಿ ಮುರಿಯಲೆಂದು ಕಟ್ಟಿದ ರಸಾಯನ ಎಲ್ಲ ವಿಷಕ್ಕೂ ಉತ್ತರವಾಗದು ಎಂಬುದನ್ನು ಕವಚ ತೊಡುವವರಿಗೆ ಬಿಡಿಸಿ ಹೇಳಬೇಕು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಕೀಲುಮೂಳೆ ಸವೆಸಿ ಜನರನ್ನು ತೆವಳಿಸಿದ ಕಾಯಿಲೆ ಕಂಡಾಗ ಮೊದಲ ಅನುಮಾನ ಗದ್ದೆಯ ಮದ್ದಿನ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ ಬಿತ್ತು. ಮುಂದಿನ ಅಧ್ಯಯನಗಳು ಅದು ವಂಶವಾಹಿಯಿಂದ ಬಂದದ್ದೆಂದು ತೋರಿಸಿದವು. ಪಡ್ರೆಯಲ್ಲಿ ಅನುಮಾನವನ್ನು ಬಹುಕಾಲ ತಳ್ಳಿಹಾಕಿದರು, ಹಂದಿಗೋಡಿನಲ್ಲಿ ಅನುಮಾನ ದಾರಿ ತಪ್ಪಿತು. ಎರಡು ಕಡೆಯೂ ಬೇಕಾಗಿದ್ದದ್ದು ತಾಳ್ಮೆಯ ಅಳತೆ, ಅದೂ ಕಾಯಿಲೆ ಬಿದ್ದವರ ಮನೆಬಾಗಿಲಿನಲ್ಲಿ.

ಮದ್ದನ್ನೇ ಹೊಡೆಯದೆ ಗೆದ್ದ ಕಥೆಯೂ ಇದೇ ರಸ್ತೆಯಲ್ಲಿದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು, 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದ ಪಪ್ಪಾಯ, ಹಿಪ್ಪುನೇರಳೆಗಳನ್ನೆಲ್ಲ ಬೆಳ್ಳಗೆ ಮುತ್ತಿದ ಹಿಟ್ಟುತಿಗಣೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಒಂದು ಪುಟ್ಟ ಕಣಜವನ್ನು ತರಿಸಿ ಬಿಟ್ಟರು. ಅಸೆರೊಫೇಗಸ್ ಪಪಾಯೆ ಅದರ ಹೆಸರು. ತಿಗಣೆಯ ಮೈಯೊಳಗೇ ಮೊಟ್ಟೆಯಿಟ್ಟು ಅದನ್ನು ಮುಗಿಸುತ್ತದೆ. ಕೆಲವೇ ತಿಂಗಳಲ್ಲಿ ತೋಟಗಳು ಹಸಿರಾದವು. ಪಂಪನ್ನು ಬೆನ್ನಿಗೇರಿಸಿಕೊಳ್ಳುವ ದಿನಗಳನ್ನೇ ಕಡಿಮೆ ಮಾಡುವ ಇಂಥ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಎಂಬ ನೋವು ನನಗಿದೆ.

ನವೆಂಬರಿನ ಆಸುಪಾಸಿನಲ್ಲಿ ಜಿಕೆವಿಕೆಯ ಕೃಷಿಮೇಳ. ಕೋಲಾರ, ತುಮಕೂರು, ರಾಮನಗರದಿಂದ ಬಸ್ಸು ಮಾಡಿಕೊಂಡು ಬಂದ ಜನ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಿತ್ತನೆ ಬೀಜದ ಚೀಲ. ಪಂಪುಗಳ ಮಳಿಗೆಯ ಮುಂದೆ ಯಾವಾಗಲೂ ಗುಂಪು. ಬ್ಯಾಟರಿಯದು, ಪೆಟ್ರೋಲಿನದು, ಈಗ ಡ್ರೋನು. ಡ್ರೋನ್ ಬಂದರೆ ಮನುಷ್ಯ ಮಂಜಿನಿಂದ ದೂರ ನಿಲ್ಲುತ್ತಾನೆ, ಅದು ಒಳ್ಳೆಯದು. ಆದರೆ ಅದು ಕಡಿಮೆ ನೀರಿನಲ್ಲಿ ಗಟ್ಟಿ ಮದ್ದನ್ನು ಸಣ್ಣ ಹನಿಯಾಗಿ ಮೇಲಿನಿಂದ ಬಿಡುತ್ತದೆ, ಪಡ್ರೆಯನ್ನು ಬಲ್ಲವರು ಗಾಳಿಯ ದಿಕ್ಕನ್ನು ಮರೆಯಲಾರರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪಂಪು ಕೊಳ್ಳುವವನು ಜಮೀನಿನ ಮಾಲೀಕ. ಬಹಳ ಕಡೆ ಅದನ್ನು ಹೊರುವವನು ದಿನಗೂಲಿಯವನು. ಇಂದು ಈ ತೋಟ, ನಾಳೆ ಮುಂದಿನ ತೋಟ, ಹಂಗಾಮು ಪೂರ್ತಿ ಅವನ ಮೈ ಮಂಜಿನಲ್ಲೇ. 4000 ರೂಪಾಯಿ ಮಾಲೀಕನ ಮಟ್ಟಿಗೆ ಎರಡು ಡಬ್ಬಿ ಮದ್ದಿನ ಮಾತಾಗಬಹುದು, ಕೂಲಿಯವನ ಮಟ್ಟಿಗೆ ಅದು ವಾರದ ದುಡಿಮೆಯನ್ನೂ ಮೀರಿದ್ದು. ಅವನು ಕೊಳ್ಳಲಾರ, ಮಾಲೀಕ ತನಗಾಗಿ ಕೊಳ್ಳುವ ಅಗತ್ಯವಿಲ್ಲ. ಹೀಗಿರುವಾಗ ಕವಚ ಯಾರ ಮೈಗೇರಬೇಕೋ ಅವರಿಗೆ ಪೇಟೆಯ ಮೂಲಕ ಮುಟ್ಟುವುದು ಕಷ್ಟ. ಹೋಬಳಿಗೊಂದರಂತಿರುವ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ, ಮದ್ದು, ಪಂಪು ಸಹಾಯಧನದಲ್ಲಿ ಸಿಗುತ್ತವೆ. ಅದೇ ಕೌಂಟರಿನಲ್ಲಿ, ಪಂಪು ಬರೆಸಿಕೊಂಡವರ ಹೆಸರಿನ ಎದುರಿಗೆ, ಅದನ್ನು ಹೊರುವವರ ಅಳತೆಯ ಒಂದು ಕವಚ, ಒಂದು ಹೊಸ ನಳಿಕೆ, ಒಂದು ಅಳತೆ ಜಾಡಿ ಕೊಡುವ ಏರ್ಪಾಡು ಆಗಬೇಕು. ಹಂಗಾಮಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಆ ಹೊರುವವರ ರಕ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಮನ್ ಪರೀಕ್ಷೆಗೆ ಒಡ್ಡಿದರೆ ಬಟ್ಟೆ ಹೊಲದಲ್ಲಿ ಎಷ್ಟು ಕಾದಿದೆ ಎಂಬ ಲೆಕ್ಕ ಜಿಕೆವಿಕೆಯ ವಿಜ್ಞಾನಿಗಳಿಗೂ ಸಿಗುತ್ತದೆ. ಬೆವರು, ಬಿಸಿಲು, ಬಂಡೆಗೆ ಬಡಿದು ಒಗೆಯುವ ನಮ್ಮ ರೀತಿ, ಇವುಗಳ ಮುಂದೆ ನೂಲಿನ ಬಂಧ ಹೇಗೆ ನಿಲ್ಲುತ್ತದೆ ಎಂದು ತೋರಿಸುವ ಪ್ರಯೋಗಶಾಲೆ ಚಿಕ್ಕಬಳ್ಳಾಪುರದ ಚಪ್ಪರದಡಿಯೇ ಇದೆ.